ಫ್ರೆಂಚರ ‘ಅಂತೆ’

2019ರ ಏಪ್ರಿಲ್ 15. ಆಗ ನಾನು ಪ್ಯಾರಿಸ್‌ನಲ್ಲಿ ಓದುತ್ತಿದ್ದೆ. ಸಂಜೆ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿತ್ತು. ಮನೆ ಓನರ್ ಅಜ್ಜಿ ಅಡುಗೆಮನೆಯ ಟಿವಿ ಮುಂದೆ ನನಗೂ ಒಂದು ಕುರ್ಚಿ ಹಾಕಿದರು.

ಟಿವಿಯವರದ್ದು ಒಂದೇ ಮಾತು: ‘ಲ ಫ ಸರೆ ಪಾರ್ತಿ ದೆ ಕೋಂಬ್ಲ್.’ ಬೆಂಕಿ ಚಾವಣಿಯೊಳಗಿಂದ ಶುರುವಾಯಿತಂತೆ. ಈ ‘ಸರೆ’ ಕಂಡಿಷನಲ್ ರೂಪ. ಕ್ಲಾಸಿನಲ್ಲಿ ಅದನ್ನು ಕಲಿಸಿದ್ದು ‘ದುಡ್ಡಿದ್ದಿದ್ದರೆ ಮನೆ ಕೊಳ್ಳುತ್ತಿದ್ದೆ’ ಅನ್ನುವಂಥ ವಾಕ್ಯಗಳಿಗೆ. ಕಾಫಿ ಕೇಳುವಾಗ ಮರ್ಯಾದೆಗೆ ‘ಜ ವೂದ್ರೆ’ ಅನ್ನುವುದೂ ಅದೇ ರೂಪ. ಬೆಂಕಿಗೆಂಥ ಮರ್ಯಾದೆ? ಅಜ್ಜಿಯನ್ನೇ ಕೇಳಿದೆ.

“ಸರೆ ಅಂದರೆ ಅವರಿಗೂ ಗ್ಯಾರಂಟಿ ಇಲ್ಲ. ಗ್ಯಾರಂಟಿ ಇದ್ದಿದ್ದರೆ ‘ಎ ಪಾರ್ತಿ’ ಅಂತಿದ್ರು, ಗಮನಿಸಿ” ಅಂದರು.

ಎಂಟು ಗಂಟೆಗೆ ಸ್ವಲ್ಪ ಮುಂಚೆ ಚರ್ಚಿನ ಶಿಖರ ಮುರಿದು ಬಿತ್ತು. 19ನೇ ಶತಮಾನದಲ್ಲಿ ವಿಯೊಲೆ ಲ ದ್ಯೂಕ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ್ದು. ಈಗ ಸರೆ ಇಲ್ಲ, ‘ಲಾ ಫ್ಲೆಶ್ ಎ ತೋಂಬೆ.’ ಬಿತ್ತು, ಅಷ್ಟೆ. ಎಲ್ಲರೂ ಕಣ್ಣಾರೆ ನೋಡಿದ್ದಲ್ವಾ? ಕಾರಣದ ಮಾತು ಬಂದಾಗ ಮತ್ತೆ ಸರೆ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು, ನಾನು ವ್ಯಾಕರಣ ಕೇಳುತ್ತಾ ಕೂತಿದ್ದೆ.

ಮರುದಿನ ಮೈಸೂರಿಂದ ಅಮ್ಮನ ಫೋನು. “ಯಾರೋ ಬೇಕಂತಲೇ ಹಚ್ಚಿದ್ದಂತೆ, ಹೌದೇನೋ?” ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ಇಲ್ಲಿ ಪ್ರಾಸಿಕ್ಯೂಟರ್ ಅವತ್ತೇ ಹೇಳಿದ್ದರು, ಹಾಗನ್ನಲು ಯಾವ ಸುಳಿವೂ ಇಲ್ಲ, ಆಕಸ್ಮಿಕ ಅಂತಲೇ ತನಿಖೆ ನಡೆಯುತ್ತಿದೆ ಅಂತ.

ನಮ್ಮ ಅಂತೆಯೂ ಅವರ ಸರೆಯೂ ಪೂರ್ತಿ ಒಂದೇ ಅಲ್ಲ. ‘ಪಕ್ಕದ್ಮನೆ ಹುಡುಗಿಗೆ ಮದುವೆಯಂತೆ’ ಅಂದರೆ ನಮಗೇನೂ ಅನುಮಾನ ಬರುವುದಿಲ್ಲ. ಯಾರೋ ಹೇಳಿದರು, ಕೇಳಿದೆವು, ಊಟಕ್ಕೆ ಹೋಗುವುದೊಂದೇ ಬಾಕಿ. ಅದನ್ನೇ ಫ್ರೆಂಚ್‌ನಲ್ಲಿ ಕಂಡಿಷನಲ್ ಹಾಕಿ ಹೇಳಿದರೆ, ಮದುವೆ ನಡೆಯುತ್ತೋ ಇಲ್ಲವೋ ಅಂತ ಕೇಳಿದವರು ಹುಬ್ಬೇರಿಸುತ್ತಾರೆ.

ಸುದ್ದಿಯವರಿಗೆ ಇದು ಜಾಸ್ತಿಯೇ ಅನುಕೂಲವಾಗಿದೆ ಅಂತ ನನಗನ್ನಿಸುತ್ತದೆ. ಕ್ರೈಂ ಸುದ್ದಿಯಲ್ಲಿ ಒಬ್ಬನ ಹೆಸರಿನ ಮುಂದೆ ‘ಒರೆ ವೊಲೆ’ (ಇದೂ ಕಂಡಿಷನಲ್ಲೇ) ಅಂದುಬಿಟ್ಟರೆ, ಕದ್ದಿದ್ದಾನಂತೆ. ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು. ಆದರೆ ಅಲ್ಲಿನ 1881ರ ಪತ್ರಿಕಾ ಕಾಯ್ದೆ ಈ ಆಟ ಒಪ್ಪುವುದಿಲ್ಲ. ಅನುಮಾನದ ಧಾಟಿಯಲ್ಲಿ ಹೇಳಿದರೂ ಮಾನಹಾನಿ ಮಾನಹಾನಿಯೇ ಅಂತ ಅದರ 29ನೇ ವಿಧಿಯಲ್ಲೇ ಇದೆ.