ಹೂಮಳೆ ಬಂದ ಶನಿವಾರ

ಮಾರ್ಚ್ ತಿಂಗಳ ಮಳೆಯನ್ನು ಕೊಡಗಿನಲ್ಲಿ ಯಾರೂ ಬಯ್ಯುವುದಿಲ್ಲ. ಹೂಮಳೆ ಒಂದು ಇಂಚು ಬಿದ್ದರೆ ಕಾಫಿ ಮೊಗ್ಗು ಅರಳುತ್ತದೆ. ಬೀಳದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್, ಸಾಲ. ಆದರೂ ಆ ಶನಿವಾರ ಬೆಳಿಗ್ಗೆ ಮೋಡ ಕಟ್ಟಿದ್ದು ನೋಡಿ ನನಗೆ ಕಿರಿಕಿರಿಯಾಯಿತು. ಶನಿವಾರ ನಮ್ಮ ಕುದುರೆ ದಿನ.

ಸೋಮವಾರಪೇಟೆ ಕಡೆಯ ನಮ್ಮೂರಿನಲ್ಲಿ ಹವಾಲ್ದಾರ್ ಮಾವ ಅಂತ ಇದ್ದಾರೆ. ಸ್ವಂತ ಮಾವ ಅಲ್ಲ, ಊರಿಗೆಲ್ಲ ಮಾವ. ಸೈನ್ಯದಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿದವರು. ನಿವೃತ್ತರಾಗಿ ಬಂದ ಮೇಲೆ ಒಂದು ಹೆಣ್ಣು ಕುದುರೆ ಸಾಕಿದರು. ಹೆಸರು ರಾಣಿ. ನಡೆಯಲು, ಕೂರಲು ಕಷ್ಟಪಡುವ ಮಕ್ಕಳನ್ನು ಅದರ ಮೇಲೆ ಕೂರಿಸಿ, ಕೊಯ್ಲಾದ ಗದ್ದೆಯಲ್ಲಿ ನಿಧಾನಕ್ಕೆ ಸುತ್ತಿಸುತ್ತೇವೆ. ಮಾವ, ಒಬ್ಬರು ಫಿಸಿಯೋಥೆರಪಿಸ್ಟ್ ಅಕ್ಕ, ಇಬ್ಬರು ಕಾಲೇಜು ಹುಡುಗರು, ಮತ್ತೆ ನಾನು. ಯಾರಿಗೂ ಸಂಬಳ ಇಲ್ಲ. ಹುರುಳಿ ಖರ್ಚು ಮಾತ್ರ ಹಂಚಿಕೊಳ್ಳುತ್ತೇವೆ, ಅದೂ ಜಗಳ ಆಡಿಕೊಂಡು.

ಒಂದು ಮಗುವಿಗೆ ಮೂರು ಜನ ಬೇಕು. ಒಬ್ಬರು ಹಗ್ಗ ಹಿಡಿದು ಕುದುರೆ ನಡೆಸುತ್ತಾರೆ, ಇಬ್ಬರು ಅಕ್ಕಪಕ್ಕ. ನಾನು ಎಡಗಡೆಯವನು. ಮಗುವಿನ ತೊಡೆಯ ಮೇಲೆ ಮುಂಗೈ ಅಡ್ಡ ಇಟ್ಟು ಜೀನಿನ ಅಂಚು ಹಿಡಿದುಕೊಂಡು ನಡೆಯುವುದು. ಅಷ್ಟೇ ಕೆಲಸ. ಮೊದಲ ದಿನ ನಾನು ಸುಮ್ನೆ ಇರಲಿಲ್ಲ. ‘ಹೆದರ್ಬೇಡ ಪುಟ್ಟಾ, ನೇರ ಕೂತ್ಕೋ, ಅಲ್ನೋಡು ಕೊಕ್ಕರೆ’ ಅಂತ ಒಂದೇ ಸಮ ಮಾತು. ಮಾವ ಕುದುರೆ ನಿಲ್ಲಿಸಿದರು. ‘ಕುದುರೆ ಕೆಲಸ ಮಾಡ್ತಾ ಇದೆಯಲ್ಲ, ನೀನ್ಯಾಕೆ ಅಡ್ಡ ಬರ್ತೀಯಾ?’

ಕುದುರೆಯ ಕೆಲಸ ಏನು ಅಂತ ಅಕ್ಕ ಆಮೇಲೆ ಹೇಳಿದರು. ಕುದುರೆ ನಡೆಯುವಾಗ ಮೇಲೆ ಕೂತವರ ಸೊಂಟ ಹಿಂದೆ ಮುಂದೆ, ಆ ಕಡೆ ಈ ಕಡೆ ಅಲ್ಲಾಡುತ್ತದೆ, ಚೂರು ತಿರುಗುತ್ತದೆ ಕೂಡ. ನಾವು ಕಾಲಲ್ಲಿ ನಡೆಯುವಾಗಲೂ ಹೆಚ್ಚುಕಡಿಮೆ ಹೀಗೇ. ಒಂದೊಂದು ಹೆಜ್ಜೆಗೂ ಮಗುವಿನ ಮೈ ತಾನಾಗಿಯೇ ಸರಿ ಮಾಡಿಕೊಂಡು ಕೂರಬೇಕು. ‘ಹಾಗಾದ್ರೆ ನನ್ನ ಮಗ ನಡೀತಾನಾ ಅಕ್ಕಾ?’ ಅಂತ ಒಬ್ಬ ತಾಯಿ ಕೇಳಿದ್ದರು. ‘ಹಾಗೆ ಹೇಳೋಕ್ಕಾಗಲ್ಲಮ್ಮ. ಕೂರೋದು ಸ್ವಲ್ಪ ಸುಲಭ ಆಗಬಹುದು’ ಅಂದರು ಅಕ್ಕ. ಆ ತಾಯಿ ಮುಂದಿನ ವಾರವೂ ಬಂದರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ನಮ್ಮ ಕೆಲಸ ಬಂದ್. ಆಗ ಮಾವನ ಜಗಲಿಯಲ್ಲಿ ಕತೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ 1944ರಲ್ಲಿ ಪೋಲಿಯೋ ಬಂತು. ಆಗ ಬಸುರಿ ಬೇರೆ. ಮಂಡಿಯಿಂದ ಕೆಳಗೆ ಬಲ ಮರಳಲೇ ಇಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರು ಬೇಕು. ಅಂಥವಳು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ, ಅಂದರೆ ಸವಾರರ ಸೂಚನೆಗೆ ಕುದುರೆ ಲೆಕ್ಕದ ಹೆಜ್ಜೆ ಹಾಕುವ ಸ್ಪರ್ಧೆಯಲ್ಲಿ, ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದಳು. ಚಿನ್ನ ಗೆದ್ದವನೇ ಅವಳನ್ನು ಪದಕದ ಕಟ್ಟೆ ಹತ್ತಿಸಿದ.

ಮಾವನಿಗೆ ಜಾಸ್ತಿ ಇಷ್ಟ ಬೇರೆ ಭಾಗ. ಅಲ್ಲಿಯವರೆಗೆ ಸೈನ್ಯದವರಾದರೆ ಆ ಸ್ಪರ್ಧೆಗೆ ಆಫೀಸರೇ ಆಗಿರಬೇಕಿತ್ತು. 1948ರಲ್ಲಿ ಲಂಡನ್ನಿನಲ್ಲಿ ಗೆದ್ದ ಸ್ವೀಡನ್ ತಂಡದ ಚಿನ್ನವನ್ನು, ಒಬ್ಬ ಸವಾರ ನಿಜವಾದ ಆಫೀಸರ್ ಅಲ್ಲ ಅಂತ ಆಮೇಲೆ ಕಿತ್ತುಕೊಂಡರು. 1952ಕ್ಕೆ ಆ ನಿಯಮ ಹೋಯಿತು, ಹೆಂಗಸರಿಗೂ ಬಾಗಿಲು ತೆರೆಯಿತು. ‘ನಮ್ಮಂಥ ಹವಾಲ್ದಾರರು, ಹೆಂಗಸರು ಒಟ್ಟಿಗೇ ಒಳಗೆ ಹೋಗಿದ್ದು ಕಣೋ’ ಅಂತ ಮೀಸೆ ತಿರುವುತ್ತಾರೆ.

ಹಾರ್ಟೆಲ್‌ಳನ್ನು ನೋಡಿ ಯುರೋಪಿನಲ್ಲಿ ಇಂಥ ಸವಾರಿ ಹಬ್ಬಿತು. ಬ್ರಿಟನ್ನಿನಲ್ಲಿ 1969ರಲ್ಲಿ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್ ಶುರುವಾಯಿತು. 1971ರಲ್ಲಿ ರಾಜಕುಮಾರಿ ಆನ್ ಅದರ ಪೋಷಕಿಯಾದರು. ಅರಮನೆಯವರು ಬಂದರೂ ಸಂಸ್ಥೆ ಇವತ್ತಿಗೂ ನಡೆಯುವುದು ಸ್ವಯಂಸೇವಕರಿಂದಲೇ. ಲದ್ದಿ ಎತ್ತುವವರು ಅಲ್ಲೂ ನಮ್ಮಂಥವರೇ ಇರಬೇಕು.

ಆ ಶನಿವಾರಕ್ಕೆ ಬರುತ್ತೇನೆ. ಜೀಪು ಬಂದು ನಿಂತದ್ದೂ ದಪ್ಪ ಹನಿ ಬಿದ್ದದ್ದೂ ಒಟ್ಟಿಗೇ. ಊರೆಲ್ಲ ಅಂಗಳಕ್ಕೆ ಬಂದು ಆಕಾಶ ನೋಡುತ್ತಿತ್ತು. ಜೀಪಿನೊಳಗೆ ಆ ತಾಯಿಯ ಮಗ ಮಾತ್ರ ಮುಖ ಊದಿಸಿಕೊಂಡು ಕೂತಿದ್ದ. ಎಂಟು ವರ್ಷದವನು, ಎಡಗೈ ಯಾವಾಗಲೂ ಬಿಗಿಮುಷ್ಟಿ. ‘ಮಳೆ ಕೆಟ್ಟದು’ ಎಂದ. ಕಾಫಿ ತೋಟದ ಊರಲ್ಲಿ ಆಡುವ ಮಾತಾ ಅದು! ಅವನಮ್ಮ ನಾಚಿಕೊಂಡರು.

‘ಲಾಯಕ್ಕೆ ಕರ್ಕೊಂಡು ಬಾ’ ಅಂದರು ಮಾವ. ನಾನು ಕೊಡೆ ಬಿಚ್ಚಲು ಹಿಂದೆಮುಂದೆ ನೋಡಿದೆ. ಒಂದು ಸಲ ರಾಣಿಯ ಎದುರಿಗೆ ಪಟ್ ಅಂತ ಕೊಡೆ ಬಿಚ್ಚಿ, ಅದು ಅಡ್ಡಕ್ಕೆ ನೆಗೆದು ನನ್ನ ಕಾಲು ತುಳಿದಿತ್ತು. ಪುಣ್ಯಕ್ಕೆ ಮೇಲೆ ಮಗು ಇರಲಿಲ್ಲ. ಆಮೇಲೆ ಮಾವ ಎರಡು ವಾರ ದಿನಾ ಕೊಡೆ ಬಿಚ್ಚಿ ಮಡಚಿ ಹುರುಳಿ ತಿನ್ನಿಸಿದರು. ಈಗ ಅದಕ್ಕೆ ಕೊಡೆ ಕಂಡರೆ ತಿಂಡಿ ನೆನಪು. ಹೆದರಿಕೆ ಉಳಿದದ್ದು ನನಗೆ.

ಹುಡುಗನನ್ನು ರಾಣಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದೆವು. ಬ್ರಷ್ಷಿನ ಪಟ್ಟಿಯೊಳಗೆ ಅವನ ಎಡಗೈ ತೂರಿಸಲು ಅಕ್ಕನಿಗೆ ಐದು ನಿಮಿಷ ಹಿಡಿಯಿತು. ಅವನು ಉಜ್ಜಿದ. ಅಂಗೈ ಅಗಲದ ಒಂದೇ ಜಾಗ, ಮತ್ತೆ ಮತ್ತೆ. ಜಿಂಕ್ ಶೀಟಿನ ಮೇಲೆ ಮಳೆ ಸುರಿದು ಮಾತೇ ಕೇಳುತ್ತಿರಲಿಲ್ಲ. ರಾಣಿ ಒಂದು ಹಿಂಗಾಲು ಸಡಿಲ ಬಿಟ್ಟು, ಕೆಳತುಟಿ ಜೋಲಿಸಿಕೊಂಡು ತೂಕಡಿಸಿತು.

ಮಳೆ ನಿಂತ ಮೇಲೆ ಮಾವ ಅಳತೆ ನೋಡಿ ಓಡಿ ಬಂದರು. ‘ಎಂಬತ್ತು ಸೆಂಟ್!’ ನೂರು ಸೆಂಟ್ ಅಂದರೆ ಒಂದು ಇಂಚು ಮಳೆ.

ಹುಡುಗ ತಿರುಗಲಿಲ್ಲ. ‘ಸಾಕು ಬಿಡೋ, ಅದರ ಕೂದಲೆಲ್ಲ ಉದುರತ್ತೆ’ ಅಂದರು ಅವನಮ್ಮ. ಅವನು ಬ್ರಷ್ಷನ್ನು ಒಂದು ಗೇಣು ಮುಂದೆ ಸರಿಸಿ, ಅಲ್ಲಿ ಉಜ್ಜಲು ಶುರು ಮಾಡಿದ.