14ನೇ ವಾರ: ಬಲಗಾಲಿನ ಪಾಲು 31 ಕೆಜಿ

ಬಲಗಾಲಿನ ಆಪರೇಷನ್ ಆಗಿ ಇದು ಹದಿನಾಲ್ಕನೇ ವಾರ. ಇವತ್ತು ಬೆಳಿಗ್ಗೆ ಅಡುಗೆಮನೆ ಕಟ್ಟೆ ಹಿಡಿದು ಎರಡೂ ಹಿಮ್ಮಡಿ ಎತ್ತಿದೆ. ಹದಿನೈದು ಸಲ. ನೋವಿಲ್ಲ, ಮೀನಖಂಡದಲ್ಲಿ ಸಣ್ಣ ನಡುಕ ಅಷ್ಟೇ.

ಶಟಲ್ ಆಡುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಗಿತ್ತು. ತಿರುಗಿದರೆ ಯಾರೂ ಇಲ್ಲ. ಡಾಕ್ಟರ್ ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಎಡ ಪಾದ ಅಲ್ಲಾಡಿತು, ಬಲ ಪಾದ ಸುಮ್ನೆ ಇತ್ತು. ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ನಾರು, ಪೂರ್ತಿ ತುಂಡಾಗಿತ್ತು. ಆಪರೇಷನ್, ಎರಡು ವಾರ ಪಟ್ಟಿ, ಹೊಲಿಗೆ ಬಿಚ್ಚಿದ ಮೇಲೆ ಬೂಟ್. ಬೂಟಿನೊಳಗೆ ಹಿಮ್ಮಡಿ ಕೆಳಗೆ ಮೂರು ಮೆತ್ತೆ, ಎರಡು ವಾರಕ್ಕೊಂದು ತೆಗೆದರು. ಒಂಬತ್ತನೇ ವಾರ ಮಾಮೂಲಿ ಶೂ.

ಆ ವಾರ ದೊಡ್ಡಪ್ಪ ಕೊಬ್ಬರಿ ಎಣ್ಣೆ ಹಿಡಿದು ಬಂದರು. "ಚೆನ್ನಾಗಿ ಎಳೀಬೇಕು ಕಣೋ, ಇಲ್ಲಾಂದ್ರೆ ಮರಗಟ್ಟುತ್ತೆ." ಬೇಡ ದೊಡ್ಡಪ್ಪ ಅಂದೆ. ಫಿಸಿಯೋ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಕೂಡಿಕೊಳ್ಳುತ್ತಿರುವ ಟೆಂಡನ್ ಬೇಗ ಎಳೆದರೆ ಉದ್ದವಾಗಿ ಹಾಗೇ ಉಳಿದುಬಿಡಬಹುದು. ಆಮೇಲೆ ಮೀನಖಂಡಕ್ಕೆ ಎಷ್ಟೇ ಬಲ ಬಂದರೂ ಹಿಮ್ಮಡಿ ಪೂರ್ತಿ ಏಳುವುದಿಲ್ಲ. ಜೋಲುಬಿದ್ದ ಹಗ್ಗದಲ್ಲಿ ನೀರು ಸೇದಿದ ಹಾಗೆ, ಅರ್ಧ ಎಳೆತ ಹಗ್ಗ ಬಿಗಿಯಾಗುವುದಕ್ಕೇ ಹೋಗುತ್ತದೆ. ಈಗ ಕಾಲಲ್ಲಿರುವ ಬಿಗಿ ನನಗೆ ಬೇಕಾದ ಬಿಗಿ.

ಕಣ್ಣಳತೆ ನಂಬಬಾರದು ಅಂತ ಗೊತ್ತಾಗಿದ್ದು ತೂಕದ ಮಷೀನಿನಿಂದ. ಬಲಗಾಲು ಮಷೀನ್ ಮೇಲೆ, ಎಡಗಾಲು ಅಷ್ಟೇ ಎತ್ತರದ ಮಣೆ ಮೇಲೆ. ಹಿಮ್ಮಡಿ ಎತ್ತಿ ನಿಂತಾಗ ಮುಳ್ಳು ನೋಡಬೇಕು. ನನ್ನ ತೂಕ 70 ಕೆಜಿ, ಸಮನಾಗಿ ಹಂಚಿದರೆ 35 ಬರಬೇಕು ಅಲ್ವಾ? 11ನೇ ವಾರ ಬಂದದ್ದು 18. ಎರಡೂ ಕಾಲಲ್ಲಿ ಎತ್ತುತ್ತಿದ್ದೇನೆ ಅಂದುಕೊಂಡಿದ್ದೆ, ಹೊರುತ್ತಿದ್ದದ್ದು ಎಡಗಾಲು. ಅವತ್ತಿನಿಂದ ಎಷ್ಟು ಸಲ ಅನ್ನುವುದಕ್ಕಿಂತ ಮುಳ್ಳಿನ ಮೇಲೆ ಕಣ್ಣಿಟ್ಟು ಮಾಡಿದೆ. ಇವತ್ತು 31. ತುಂಬಾ ಖುಷಿಯಾಯಿತು.

ಮೀನಖಂಡದ ಸುತ್ತಳತೆ, ಅಮ್ಮನ ಹೊಲಿಗೆ ಟೇಪಿನಲ್ಲಿ: ಎಡ 37 ಸೆಂ.ಮೀ., ಬಲ 34. ಇದು ತುಂಬಲು ತಿಂಗಳುಗಟ್ಟಲೆ ಬೇಕು.

ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ಕೊನೆಕೊನೆಗೆ ಬಲ ಹೆಜ್ಜೆ ಚಿಕ್ಕದಾಗುತ್ತದೆ, ಆಗ ಬೆಂಚಿನ ಮೇಲೆ ಕೂತುಬಿಡುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರಕ್ಕೂ ಜಾಸ್ತಿ. ಬಲಗಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತಲು ಬರುವವರೆಗೆ ಆ ಕಡೆ ಹೋಗುವುದಿಲ್ಲ. ಓಟ, ಶಟಲ್ ಅದಕ್ಕೂ ಆಮೇಲೆ.

ಮುಂದಿನ ಶನಿವಾರ ಮತ್ತೆ ಮಷೀನ್, ಮಣೆ. 35 ಮುಟ್ಟಬೇಕು.