ಕೆಮಿಸ್ಟ್ರಿ ಓದ್ಸಿದ್ರೆ ಅಸಲು ಹುಟ್ಟುತ್ತಾ ಮೇಷ್ಟ್ರೇ?

ಪಿಯುಸಿ ಮುಗಿದು ಸಿಇಟಿ ಫಲಿತಾಂಶ ಬಂದ ವಾರ ಮಂಡ್ಯದ ನಮ್ಮ ಮನೆ ಜಗುಲಿ ಖಾಲಿ ಇರುವುದಿಲ್ಲ. ಸಿಇಟಿ ರ‍್ಯಾಂಕು ಎಲ್ಲೋ ಹಿಂದೆ ಬಿದ್ದಿರುತ್ತದೆ, ನೀಟ್ ಆಸೆ ಬಿಟ್ಟಾಗಿರುತ್ತದೆ. ಮಗನೋ ಮಗಳೋ ಬಿ.ಎಸ್ಸಿ. ಕೆಮಿಸ್ಟ್ರಿ ಓದುತ್ತೀನಿ ಅಂತ ಕೂತಿರುತ್ತಾರೆ. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಪಕ್ಕಕ್ಕಿಟ್ಟು ಕೇಳುವುದು ಒಂದೇ: “ಮೇಷ್ಟ್ರೇ, ಇದನ್ನ ಓದ್ಸಿದ್ರೆ ಅಸಲು ಹುಟ್ಟುತ್ತಾ?”

ಕಬ್ಬು ಬೆಳೆಯುವವರ ಪ್ರಶ್ನೆ. ಸುತ್ತಿ ಬಳಸಿ ಕೇಳಲ್ಲ, ಅದಕ್ಕೇ ನನಗೆ ಇಷ್ಟ.

ಅಸಲು ಅಂದರೆ ಫೀಸು ಅಂದುಕೊಂಡಿರುತ್ತಾರೆ. ಸರ್ಕಾರಿ ಕಾಲೇಜಾದರೆ ಅದು ದೊಡ್ಡ ಬಾಬತ್ತೇ ಅಲ್ಲ. ಮದ್ದೂರು ಕಡೆಯ ಒಬ್ಬ ಹುಡುಗಿಯ ಲೆಕ್ಕ ಒಮ್ಮೆ ಕೂತು ಬರೆದಿದ್ದೆ. ಫೀಸು, ರೆಕಾರ್ಡ್ ಬುಕ್ಕು, ಬಿಳಿ ಕೋಟು, ಪುಸ್ತಕ, ಕೈಖರ್ಚು ಎಲ್ಲಾ ಸೇರಿಸಿದರೂ ಮೂರು ವರ್ಷಕ್ಕೆ 70 ಸಾವಿರ ದಾಟಲಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಅವಳಿಗೆ ಬಸ್ಸಿನ ಖರ್ಚೂ ಇಲ್ಲ. ಮೈಸೂರಲ್ಲಿ ಖಾಸಗಿ ಕಾಲೇಜು, ಪಿ.ಜಿ.ಯಲ್ಲಿ ವಾಸ ಅಂದರೆ ಮಾತ್ರ ಲೆಕ್ಕ ಬೇರೆ.

ನಿಜವಾದ ಖರ್ಚು ವರ್ಷಗಳದ್ದು. ಪಕ್ಕದ ಮನೆ ಹುಡುಗ ಐ.ಟಿ.ಐ. ಮುಗಿಸಿ ತಿಂಗಳಿಗೆ 12 ಸಾವಿರ ತರುತ್ತಿದ್ದಾನೆ ಅನ್ನಿ. ಮೂರು ವರ್ಷಕ್ಕೆ 4,32,000 ಆಯಿತು. ಅಷ್ಟು ನಿಮ್ಮ ಮನೆಗೆ ಬರಲಿಲ್ಲ. ಜೇಬಿಂದ ಹೋಗಿಲ್ಲವಲ್ಲ, ಹಾಗಾಗಿ ಇದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಇನ್ನು ಬರುವ ದುಡ್ಡು. ನಾನು ಮೇಷ್ಟ್ರಾಗುವ ಮುಂಚೆ, 2009ರಲ್ಲಿ, ನಂಜನಗೂಡು ಕಡೆಯ ಒಂದು ಔಷಧ ಕಾರ್ಖಾನೆಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ ಸೇರಿದ್ದೆ. ಸಂಬಳ 7,500. ವಾರಗಟ್ಟಲೆ ರಾತ್ರಿ ಪಾಳಿ. ಔಷಧದಲ್ಲಿ ಏನೇನು ಬೆರೆತಿದೆ ಅಂತ ಬಿಡಿಸಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಸ್ಯಾಂಪಲ್ ಕೊಟ್ಟು, ಪರದೆ ಮೇಲೆ ಗೆರೆ ಎದ್ದು ಇಳಿಯುವುದನ್ನು ಕಾಯುವುದು ಕೆಲಸ. ಇರಬೇಕಾದ ಔಷಧದ ಗೆರೆ ಗೋಪುರದ ಹಾಗೆ ಏಳುತ್ತದೆ. ಅದರ ಪಕ್ಕ ಇರಬಾರದ ಒಂದು ಪುಟ್ಟ ಗುಡ್ಡ ಕಂಡಿತೋ, ಅವತ್ತು ಮನೆಗೆ ಹೋಗುವುದು ತಡವೇ.

ಮೊದಲ ತಿಂಗಳೇ ಬೈಸಿಕೊಂಡೆ. ತೂಕ ಮಾಡಿದ್ದನ್ನು ಚೀಟಿಯಲ್ಲಿ ಗೀಚಿ, ಆಮೇಲೆ ಪುಸ್ತಕಕ್ಕೆ ಇಳಿಸಿದ್ದೆ. “ಆಗಿಂದಾಗ್ಗೆ ಬುಕ್ಕಲ್ಲಿ ಬರೆದಿಲ್ಲ ಅಂದ್ರೆ ಮಾಡೇ ಇಲ್ಲ ಅಂತ ಕಣಯ್ಯ” ಅಂದರು ಹಿರಿಯರು. ಇಡೀ ಪರೀಕ್ಷೆ ಮತ್ತೆ ಮಾಡಿಸಿದರು. ಕಾಲೇಜಿನಲ್ಲಿ ನಾವು ಕಲಿತಿದ್ದು ಇದರ ಉಲ್ಟಾ. ಪಕ್ಕದವನ ಬ್ಯುರೆಟ್ಟಿನ, ಅಂದರೆ ಅಳತೆ ಕೊಳವೆಯ ರೀಡಿಂಗ್ ನೋಡಿ ನಮ್ಮದನ್ನು ಸರಿ ಮಾಡಿಕೊಳ್ಳುತ್ತಿದ್ದೆವು!

ಈಗಲೂ ಬರೀ ಬಿ.ಎಸ್ಸಿ. ಹಿಡಿದು ಹೋದ ನನ್ನ ಹುಡುಗರು 15, 18 ಸಾವಿರ ಅಂತಲೇ ಬಂದು ಹೇಳುತ್ತಾರೆ. ಮೂರು ನಾಲ್ಕು ವರ್ಷ ಒಂದೇ ಯಂತ್ರದ ಮುಂದೆ ನಿಂತು ಕೈ ಪಳಗಿದಮೇಲೆ ಕಂಪನಿ ಬದಲಾಯಿಸಿದವರದ್ದು ಏರಿದೆ. ಸುಮ್ನೆ ಕೂತವರದ್ದು ಏರಿಲ್ಲ.

ಸಕ್ಕರೆ ಕಾರ್ಖಾನೆಯ ಮಾತು ತೆಗೆದರೆ ಅಪ್ಪಂದಿರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಕಬ್ಬಿನ ದರ ನಿಂತಿರುವುದು ರಿಕವರಿ, ಅಂದರೆ ಕಬ್ಬಿನಿಂದ ಎಷ್ಟು ಸಕ್ಕರೆ ಇಳಿಯುತ್ತದೆ ಅನ್ನುವುದರ ಮೇಲೆ ಅಲ್ವಾ? ಲ್ಯಾಬಲ್ಲಿ ಕಬ್ಬಿನ ಹಾಲಿನ ಬ್ರಿಕ್ಸು (ಕರಗಿರುವ ಒಟ್ಟು ಅಂಶ), ಪೋಲು (ಅದರಲ್ಲಿ ಸಕ್ಕರೆ ಎಷ್ಟು) ಅಳೆಯುವ ಕೆಲಸಕ್ಕೂ ಕೆಮಿಸ್ಟ್ರಿ ಓದಿದವರು ಬೇಕು. ಬಿ.ಎಸ್ಸಿ. ಮೇಲೆ ಸಕ್ಕರೆ ತಂತ್ರಜ್ಞಾನ ಕಲಿಯಲು ಬೆಳಗಾವಿಯಲ್ಲಿ, ಕಾನ್ಪುರದಲ್ಲಿ ಸಂಸ್ಥೆಗಳಿವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಂ.ಎಸ್ಸಿ. ಫುಡ್ ಟೆಕ್ನಾಲಜಿ ಇದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ, ಬೆಳಕಿಗೆ ಕಪ್ಪಾಗುವ ಸಿಲ್ವರ್ ನೈಟ್ರೇಟ್ ಇರುವಂಥದ್ದು, ಅದೂ ಮೈಸೂರಿನದ್ದೇ ಅಂತ ಕೆಲವರು ನನಗೇ ಹೇಳುತ್ತಾರೆ. ಹೌದು, 1962ರಿಂದ ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತಿದೆ. ಊರಿನ ಹೆಮ್ಮೆ ಬೇರೆ, ಮಗಳ ಸಂಬಳ ಬೇರೆ.

ಪಿಯು ಕಾಲೇಜಿನ ಮೇಷ್ಟ್ರಾಗಬೇಕು ಅಂದರೆ ಕಾಯಬೇಕು. ಬಿ.ಎಸ್ಸಿ. ಮೂರು, ಎಂ.ಎಸ್ಸಿ. ಎರಡು, ಬಿ.ಎಡ್. ಎರಡು, ಒಟ್ಟು ಏಳು ವರ್ಷ. ಅದಾದಮೇಲೂ ಸರ್ಕಾರ ಹುದ್ದೆ ಕರೆಯಬೇಕಲ್ಲ. ಸಂಶೋಧನೆ ದಾರಿಯಲ್ಲಿ, ಎಂ.ಎಸ್ಸಿ. ಮೇಲೆ ನೆಟ್ ಅನ್ನೋ ಪರೀಕ್ಷೆ ಬರೆದು ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕಿದರೆ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಓದುತ್ತಲೇ ದುಡ್ಡು! ಆದರೆ ಸಿಗುವುದು ಕೆಲವರಿಗೆ.

ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ಬಿತ್ತನೆ ಖರ್ಚಿಲ್ಲ, ಎಂ.ಎಸ್ಸಿ. ಹಾಗಲ್ಲ. ಮತ್ತೆ ಹೊಸದಾಗಿ ನೆಡಬೇಕು, ಮತ್ತೆ ಎರಡು ವರ್ಷ ನೀರು ಕಟ್ಟಬೇಕು. ನನ್ನ ಲೆಕ್ಕದಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ ಒಂದರಿಂದಲೇ ಅಸಲು ಹುಟ್ಟುತ್ತದೆ, ಲಾಭ ಹುಟ್ಟುವುದಿಲ್ಲ. ಲಾಭ ಇರುವುದು ಮುಂದಿನ ಓದಿನಲ್ಲಿ, ಇಲ್ಲವೇ ಪಳಗಿದ ಕೈಯಲ್ಲಿ. ಹಾಗಾಗಿ ನಾನು ಅಪ್ಪನಿಗೆ ತಿರುಗಿ ಕೇಳುವುದು, ಮನೆ ಎಷ್ಟು ವರ್ಷ ಕಾಯುತ್ತದೆ ಅಂತ. ತಲೆ ಮೇಲೆ ಸಾಲ ಇದ್ದು, ಕೆಳಗೆ ಇನ್ನಿಬ್ಬರು ಓದುವವರಿದ್ದರೆ ಏಳು ವರ್ಷದ ದಾರಿ ಹಿಡಿಯಬೇಡಿ ಅಂತ ನೇರವಾಗಿ ಹೇಳಿಬಿಡುತ್ತೇನೆ. ಮಕ್ಕಳಿಗೆ ಬೇರೆ ಪ್ರಶ್ನೆ: ಟೈಟ್ರೇಶನ್ (ಹನಿ ಹನಿ ಬಿಟ್ಟು ಬಣ್ಣ ಬದಲಾಗುವ ಹೊತ್ತು ಹಿಡಿಯುವ ಪ್ರಯೋಗ) ನೀನೇ ಮಾಡಿದ್ಯಾ, ಪಕ್ಕದವರದ್ದು ನೋಡಿ ಬರೆದ್ಯಾ?

ಮದ್ದೂರಿನ ಹುಡುಗಿ ಕೂಡಲೇ ಹೇಳಿದ್ದಳು. “ಒಂದ್ ಹನಿ ಜಾಸ್ತಿ ಬಿದ್ದು ಕಡುಗುಲಾಬಿ ಆಗೋಯ್ತು ಸಾರ್. ಮೂರ್ ಸಲ ಮಾಡ್ದೆ.” ಅವಳಪ್ಪ ಬೆರಳು ಮಡಚಿ ಏನೋ ಎಣಿಸಿ, “ಡಿಗ್ರಿಗಂಟ ಓದ್ಲಿ ಬುಡಿ, ಆಮೇಲ್ ಕೆಲ್ಸ” ಅಂದರು. ಈಗ ಎರಡನೇ ವರ್ಷದಲ್ಲಿದ್ದಾಳೆ. ಹೋದ ವಾರ ಬಂದು, ಐಐಟಿ ಎಂ.ಎಸ್ಸಿ.ಗೆ ಬರೆಯುವ ಜಾಮ್ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಇಸಕೊಂಡು ಹೋದಳು. ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ.